ಎಂಬತ್ತೈದರ ಅಜ್ಜಿಗೆ ಯಾವ ಹಾಡು ಹಳೆಯದು? ಜಪಾನಿನಲ್ಲಿ ಹಿರಿಯರು ಸೇರಿ ಹಾಡುವ ಹಾಡುಗಳ ಲೆಕ್ಕಾಚಾರ

ಜಪಾನಿನಲ್ಲಿ ವಯಸ್ಸಾದವರು ಹಗಲು ಹೊತ್ತು ಕಳೆಯಲು ಊರೂರಿಗೂ ಕೇಂದ್ರಗಳಿವೆ. ಅವನ್ನು ಅಲ್ಲಿ 'ಡೇ ಸರ್ವಿಸ್' ಅಂತಲೇ ಕರೆಯುತ್ತಾರೆ. ಬೆಳಿಗ್ಗೆ ವ್ಯಾನ್ ಮನೆ ಬಾಗಿಲಿಗೆ ಬರುತ್ತದೆ. ಕೇಂದ್ರಕ್ಕೆ ಹೋದ ಮೇಲೆ ಬಿಪಿ, ಜ್ವರ ನೋಡುತ್ತಾರೆ, ಬೇಕಾದವರಿಗೆ ಸ್ನಾನ ಮಾಡಿಸುತ್ತಾರೆ. ಮಧ್ಯಾಹ್ನ ಊಟ, ಮೂರು ಗಂಟೆಗೆ ಚಹಾ ಮತ್ತು ಏನಾದರೂ ಸಿಹಿ, ಆಮೇಲೆ ಅದೇ ವ್ಯಾನಿನಲ್ಲಿ ವಾಪಸ್ ಮನೆಗೆ. ಇದರ ಮಧ್ಯೆ ಎಲ್ಲರನ್ನೂ ಒಂದು ಕಡೆ ಕೂರಿಸಿ ಏನಾದರೂ ಆಡಿಸುವ ಹೊತ್ತು ಅಂತ ಒಂದಿರುತ್ತದೆ. ಬಲೂನ್ ತಟ್ಟುವ ಆಟ, ಕಾಗದ ಮಡಚುವುದು, ಒಗಟು ಎಲ್ಲ ಇರುತ್ತವೆ. ಆದರೆ ಹಾಡು ತಪ್ಪುವುದೇ ಇಲ್ಲ.

ಸುಮ್ನೆ ಹೊತ್ತು ಹೋಗಲಿ ಅಂತ ಮಾಡುವ ಕೆಲಸ ಇದು ಅಂದುಕೊಳ್ಳಬೇಡಿ. ಜಪಾನಿನ ಜನಸಂಖ್ಯೆಯಲ್ಲಿ 65 ದಾಟಿದವರು ಸುಮಾರು ಶೇ. 29. ಇವರನ್ನು ನೋಡಿಕೊಳ್ಳುವುದು ಮನೆಯವರ ಕೈಯಲ್ಲಷ್ಟೇ ಆಗುವ ಮಾತಲ್ಲ ಅಂತ 2000ದ ಏಪ್ರಿಲ್‌ನಲ್ಲಿ ಸರ್ಕಾರ ಆರೈಕೆ ವಿಮೆಯನ್ನು ಶುರು ಮಾಡಿತು. 40 ತುಂಬಿದ ಎಲ್ಲರೂ ಇದಕ್ಕೆ ಕಂತು ಕಟ್ಟಬೇಕು. ಡೇ ಸರ್ವಿಸ್‌ಗೆ ಹೋಗುವ ಹೆಚ್ಚಿನವರು ಖರ್ಚಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ಕೊಡುತ್ತಾರೆ, ಆದಾಯ ಜಾಸ್ತಿ ಇರುವವರು ಇನ್ನೊಂದಿಷ್ಟು. ಉಳಿದದ್ದು ವಿಮೆಯಿಂದಲೂ ತೆರಿಗೆಯಿಂದಲೂ ಬರುತ್ತದೆ. ಹೀಗಾಗಿ ದೇಶದ ಉದ್ದಗಲಕ್ಕೂ ದಿನಾ ಲಕ್ಷಾಂತರ ಹಿರಿಯರು ಇಂಥ ಕೋಣೆಗಳಲ್ಲಿ ಕೂತಿರುತ್ತಾರೆ, ಅವರ ಮುಂದೆ ಇಪ್ಪತ್ತೈದರ ಒಬ್ಬ ಹುಡುಗನೋ ಹುಡುಗಿಯೋ ನಿಂತು 'ಇವತ್ತು ಯಾವ ಹಾಡು ಹೇಳೋಣ?' ಅಂತ ಕೇಳುತ್ತಿರುತ್ತಾರೆ.

ಕೇಳಿದರೆ ಇದೇನು ಮಹಾ ಅನಿಸುತ್ತದೆ. ಹಳೆಯ ಹಾಡು ಹಾಕಿ, ಖುಷಿಯದ್ದು ಹಾಕಿ, ಎಲ್ಲರೂ ಹಾಡಲಿ. ಎಡವುವುದು ಅಲ್ಲೇ. ಯಾರಿಗೆ ಹಳೆಯದು? ಖುಷಿ ಅಂದರೆ ಹಾಡಿನ ಯಾವುದರಲ್ಲಿ?

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಮನುಷ್ಯನಿಗೆ ಬದುಕಿನ ಎಲ್ಲ ವರ್ಷಗಳೂ ಒಂದೇ ಥರ ನೆನಪಿರುವುದಿಲ್ಲ. ವಯಸ್ಸಾದವರನ್ನು ಹಳೆಯದು ಹೇಳಿ ಅಂದರೆ ಹತ್ತರಿಂದ ಮೂವತ್ತರ ಒಳಗಿನ ಸಂಗತಿಗಳೇ ಜಾಸ್ತಿ ಬರುತ್ತವೆ. ಇದು ನೆನಪಿನ ಬಗ್ಗೆ ಕೆಲಸ ಮಾಡುವವರು ಎಷ್ಟೋ ದೇಶಗಳಲ್ಲಿ ಕಂಡುಕೊಂಡದ್ದು, ಹಾಡಿಗೂ ಇದೇ ಅನ್ವಯಿಸುತ್ತದೆ. ಮೊದಲ ಸಂಬಳ, ಮೊದಲ ಪ್ರೀತಿ, ಊರು ಬಿಟ್ಟು ಬಂದದ್ದು, ಮದುವೆ ಎಲ್ಲ ಆ ವಯಸ್ಸಿನಲ್ಲೇ ಆಗುತ್ತವೆ ಅಲ್ವಾ, ಆಗ ರೇಡಿಯೋದಲ್ಲಿ ಏನು ಬರುತ್ತಿತ್ತೋ ಅದು ಅದರ ಜೊತೆಗೇ ಅಂಟಿಕೊಂಡುಬಿಡುತ್ತದೆ.

ಈಗ 2025ರಲ್ಲಿ 85 ವರ್ಷದ ಒಬ್ಬ ಅಜ್ಜಿಯನ್ನು ತಗೊಳ್ಳಿ. ಅವರು ಹುಟ್ಟಿದ್ದು 1940ರಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಐದು ವರ್ಷ. ಇಪ್ಪತ್ತು ತುಂಬಿದ್ದು 1960ರಲ್ಲಿ. ಪಕ್ಕದ ಕುರ್ಚಿಯಲ್ಲಿ ಕೂತ 95ರ ಅಜ್ಜನಿಗೆ ಯುದ್ಧ ಮುಗಿದಾಗಲೇ ಹದಿನೈದು. ಆ ಕಡೆ ಕೂತ 75ರವರು ಯುದ್ಧ ನೋಡಿಯೇ ಇಲ್ಲ, ಅವರ ಹದಿನಾರನೇ ವರ್ಷದಲ್ಲಿ, 1966ರಲ್ಲಿ, ಬೀಟಲ್ಸ್ ಬ್ಯಾಂಡಿನವರು ಟೋಕಿಯೊದ ಬುಡೋಕಾನ್ ಸಭಾಂಗಣಕ್ಕೆ ಬಂದು ಹಾಡಿ ಹೋಗಿದ್ದರು. ಹೊರಗಿನವರಿಗೆ ಮೂವರೂ ಮುದುಕರೇ. ಹಾಡಿನ ಲೆಕ್ಕದಲ್ಲಿ ಮಾತ್ರ ಮೂವರೂ ಬೇರೆ ಬೇರೆ ದೇಶದವರು.

ಹೀಗೆ ಹಳೆಯ ನೆನಪು ತರುವ ಹಾಡುಗಳಿಗೆ ಅಲ್ಲಿ 'ನತ್ಸುಮೆರೊ' ಅನ್ನುತ್ತಾರೆ. ಕೇಂದ್ರಗಳಲ್ಲಿ ಇದರ ಪಟ್ಟಿ, ದೊಡ್ಡ ಅಕ್ಷರದ ಪುಸ್ತಕ ಎಲ್ಲ ಇರುತ್ತವೆ. ತೊಂದರೆ ಏನೆಂದರೆ 2000ದಲ್ಲಿ 80 ವರ್ಷದವರಿಗೆ ಅಂತ ಮಾಡಿದ ಪಟ್ಟಿಯನ್ನೇ ಜೆರಾಕ್ಸ್ ಮಾಡಿ ಮಾಡಿ ಈಗಲೂ ಹಂಚುವುದಿದೆ. ಆ ಪಟ್ಟಿ 1920ರಲ್ಲಿ ಹುಟ್ಟಿದವರಿಗೆ ಸರಿ. ಈಗ ಕುರ್ಚಿಯಲ್ಲಿ ಕೂತಿರುವವರಿಗೆ ಅದು ಅವರ ಅಮ್ಮನ ಕಾಲದ ಹಾಡು.

ಹಾಗಂತ ಅಮ್ಮನ ಕಾಲದ ಹಾಡನ್ನು ಎತ್ತಿ ಬಿಸಾಡಲೂ ಆಗುವುದಿಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ 'ರಿಂಗೋ ನೋ ಉತಾ', ಸೇಬಿನ ಹಾಡು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋತಿತು. ಅಕ್ಟೋಬರ್‌ನಲ್ಲೇ ಒಂದು ಸಿನಿಮಾ ಬಂತು, ಅದರಲ್ಲಿ ಈ ಹಾಡಿತ್ತು, 1946ರ ಶುರುವಿನಲ್ಲಿ ರೆಕಾರ್ಡ್ ಆಗಿಯೂ ಬಂತು. ಬರೆದವರು ಸಾತೋ ಹಾಚಿರೋ, ಸಂಗೀತ ಮಂಜೋಮೆ ತದಾಶಿ, ಹಾಡಿದವರು ನಮಿಕಿ ಮಿಚಿಕೊ. ಹಾಡಿನಲ್ಲಿ ಇರುವುದು ಇಷ್ಟೇ: ಕೆಂಪು ಸೇಬು, ನೀಲಿ ಆಕಾಶ, ಸೇಬು ಮಾತಾಡುವುದಿಲ್ಲ ಆದರೆ ಅದರ ಮನಸ್ಸು ನನಗೆ ಗೊತ್ತು ಅನ್ನುವ ಹುಡುಗಿ. ಯುದ್ಧದ ಮಾತಿಲ್ಲ, ಸೋತ ಮಾತಿಲ್ಲ, ದೇಶದ ಮಾತೇ ಇಲ್ಲ. ಸುಟ್ಟುಹೋದ ಊರುಗಳಲ್ಲಿ, ಹೊಟ್ಟೆಗಿಲ್ಲದೆ ಕಾಳಸಂತೆಯಲ್ಲಿ ಅಲೆಯುತ್ತಿದ್ದ ಜನಕ್ಕೆ ಈ ಹಾಡು ಎಲ್ಲಿ ನೋಡಿದರೂ ಕೇಳುತ್ತಿತ್ತು. ಹಾಡಿದ ನಮಿಕಿಯವರ ತಾಯಿ 1945ರ ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಬಿದ್ದ ಬಾಂಬಿಗೆ ತೀರಿಕೊಂಡಿದ್ದರು. ಆ ದನಿಯಲ್ಲಿ ಅದರ ಸುಳಿವೂ ಸಿಗುವುದಿಲ್ಲ.

ಇದನ್ನು ಕೇಳಿದರೆ 95ರ ಅಜ್ಜನಿಗೆ ತನ್ನ ಹದಿನಾರನೇ ವರ್ಷ ನೆನಪಾಗುತ್ತದೆ. 85ರ ಅಜ್ಜಿಗೆ ನೆನಪಾಗುವುದು ಅಡುಗೆ ಮಾಡುತ್ತಾ ಗುನುಗುತ್ತಿದ್ದ ಅಮ್ಮ. ಎರಡೂ ಸರಿಯೇ. ಹಾಡು ಹೇಳಿಸುವವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಹಾಡಾದ ಮೇಲೆ ಕೇಳುವ ಪ್ರಶ್ನೆ ಬದಲಾಗುತ್ತದೆ. ಅಜ್ಜನನ್ನು 'ಆಗ ನೀವು ಎಲ್ಲಿದ್ದಿರಿ?' ಅಂತ ಕೇಳಬೇಕು, ಅಜ್ಜಿಯನ್ನು 'ನಿಮ್ಮ ಮನೆಯಲ್ಲಿ ಯಾರು ಹಾಡುತ್ತಿದ್ದರು?' ಅಂತ.

ಈಗ ಖುಷಿಯ ವಿಷಯ. ಸೇಬಿನ ಹಾಡನ್ನು ಎಲ್ಲರೂ ಖುಷಿಯ ಹಾಡು ಅನ್ನುತ್ತಾರೆ. ಕುತೂಹಲ ಏನೆಂದರೆ ಅದು ಮೈನರ್ ಸ್ಕೇಲಿನಲ್ಲಿದೆ. ಅಂದರೆ ನಮ್ಮ ಕಡೆಯ ಮಾತಿನಲ್ಲಿ ಅಂತರ ಗಾಂಧಾರ ಅಲ್ಲ, ಸಾಧಾರಣ ಗಾಂಧಾರ. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಅಂತ ಪಾಶ್ಚಾತ್ಯ ಸಂಗೀತ ಕಲಿತವರು ಶುರುವಿನಲ್ಲೇ ಕಲಿಯುತ್ತಾರೆ. 1949ರಲ್ಲಿ ಬಂದ 'ಆಓಯಿ ಸನ್‌ಮ್ಯಾಕು', ಅಂದರೆ ನೀಲಿ ಬೆಟ್ಟಸಾಲು, ಹತ್ತೋರಿ ರ್ಯೋಇಚಿ ಸಂಗೀತ ಕೊಟ್ಟದ್ದು, ಹುಡುಗ ಹುಡುಗಿಯರು ಹೊಸ ಕಾಲಕ್ಕೆ ಕೈ ಬೀಸುವಂಥ ಹಾಡು. ಅದೂ ಮೈನರ್. ಆದರೂ ಹಾಡಲು ಶುರು ಮಾಡಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಯಾಕೆಂದರೆ ನಡೆ ಚುರುಕು, ತಾಳ ಹೆಜ್ಜೆ ಹಾಕುವಂಥದ್ದು, ಸಾಲುಗಳು ಚಿಕ್ಕವು, ಉಸಿರಿಗೆ ಸಿಗುತ್ತವೆ.

ಇದರ ತಿರುವುಮುರುವು ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ 'ಉಎ ಓ ಮುಯಿತೆ ಅರುಕೋ'. ಮೇಲೆ ನೋಡುತ್ತಾ ನಡೆಯೋಣ ಅನ್ನುವ ಹಾಡು. ಯಾಕೆ ಮೇಲೆ ನೋಡಬೇಕು? ಕಣ್ಣೀರು ಕೆಳಗೆ ಬೀಳದಿರಲಿ ಅಂತ! ಬರೆದ ಎಯಿ ರೊಕುಸುಕೆ 1960ರಲ್ಲಿ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ನಡೆದ ಚಳವಳಿ ಸೋತ ಬೇಸರವನ್ನು ಇದರಲ್ಲಿ ಇಟ್ಟರು ಅನ್ನುತ್ತಾರೆ. ಮಾತು ಪೂರ್ತಿ ಒಂಟಿತನದ್ದು. ನಕಾಮುರಾ ಹಾಚಿದಾಯ್ ಕೊಟ್ಟ ಧಾಟಿ ಮಾತ್ರ ಮೇಜರ್, ಸಂಜೆ ವಾಕಿಂಗ್ ಹೋದ ಹಾಗೆ ಹಗುರ. ಕೊನೆಯಲ್ಲಿ ಶಿಳ್ಳೆ ಬೇರೆ. 1963ರ ಜೂನ್‌ನಲ್ಲಿ ಇದು ಜಪಾನಿ ಭಾಷೆಯಲ್ಲೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿ ಇತ್ತು. ಅಲ್ಲಿ ಅದಕ್ಕೆ ಇಟ್ಟ ಹೆಸರು 'ಸುಕಿಯಾಕಿ', ಅದು ಮಾಂಸದ ಒಂದು ಅಡುಗೆ, ಹಾಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ! ಸಕಾಮೊತೊ 1985ರ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಆಗ ಅವರಿಗೆ 43 ವರ್ಷ. ಈಗ 85 ಆಗಿರುವವರ ಇಪ್ಪತ್ತೊಂದನೇ ವಯಸ್ಸಿನ ಹಾಡು ಇದು. ಪಟ್ಟಿಯಲ್ಲಿ ಒಂದೇ ಒಂದು ಹಾಡು ಇಡಲು ಅವಕಾಶ ಅಂದರೆ ನಾನು ಇದನ್ನೇ ಇಡುತ್ತೇನೆ. ಹಾಡಲು ಒಲ್ಲದ ಗಂಡಸರೂ ಶಿಳ್ಳೆಯ ಜಾಗ ಬಂದಾಗ ತುಟಿ ಮುಂದೆ ಮಾಡುತ್ತಾರೆ. ಗಾಳಿ ಮಾತ್ರ ಬಂದು ಶಿಳ್ಳೆ ಬರದಿದ್ದರೆ ಅದಕ್ಕೂ ಒಂದು ನಗು.

ಒಟ್ಟಿನಲ್ಲಿ ಖುಷಿಯನ್ನು ಸಾಹಿತ್ಯದಲ್ಲಿ ಹುಡುಕಿದರೂ ಸಿಗುವುದಿಲ್ಲ, ಸ್ಕೇಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ನಡೆಯಲ್ಲಿ ಇರುತ್ತದೆ, ಮತ್ತೆ ಮೈ ಏನು ಮಾಡುತ್ತದೆ ಅನ್ನುವುದರಲ್ಲಿ.

ಸ್ಕೇಲಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಮೇಯ್ಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಜಪಾನ್ ಶಾಲೆಗಳಲ್ಲಿ ಸಂಗೀತ ತಂದಾಗ ಪಾಶ್ಚಾತ್ಯ ಸ್ವರಗಳು ಬಂದವು, ಆದರೆ ಏಳರಲ್ಲಿ ನಾಲ್ಕನೆಯದು ಮತ್ತು ಏಳನೆಯದನ್ನು ಬಿಟ್ಟು ಐದೇ ಸ್ವರದಲ್ಲಿ ಹಾಡು ಕಟ್ಟುವ ರೂಢಿ ಗಟ್ಟಿಯಾಯಿತು. ಮಧ್ಯಮ ಇಲ್ಲ, ನಿಷಾದ ಇಲ್ಲ. ಸ ರಿ ಗ ಪ ದ. ಗೊತ್ತಾಯಿತಲ್ಲ, ನಮ್ಮ ಮೋಹನ, ಹಿಂದೂಸ್ತಾನಿಯವರ ಭೂಪ್. ಕೆಂಪು ಏರೋಪ್ಲೇನ್ ಚಿಟ್ಟೆಯ ಮೇಲಿನ 'ಅಕಾತೊಂಬೊ' ಅನ್ನು, 1927ರಲ್ಲಿ ಯಮಾದಾ ಕೊಸಾಕು ಸ್ವರ ಹಾಕಿದ್ದನ್ನು, ಒಮ್ಮೆ ಕೇಳಿ ನೋಡಿ. ಸಂಗೀತ ಕಲಿತ ಕನ್ನಡದ ಕಿವಿ ತಕ್ಷಣ ತಲೆ ಎತ್ತುತ್ತದೆ. ಗಮಕ ಇಲ್ಲದ ಮೋಹನ. ಹಿರಿಯರ ಗುಂಪಿಗೆ ಇದರ ಉಪಯೋಗ ಬೇರೆಯೇ ಇದೆ: ಅರ್ಧ ಸ್ವರದ ಇಕ್ಕಟ್ಟು ಇಲ್ಲದಿರುವುದರಿಂದ ಶ್ರುತಿ ಅಲ್ಲಿಲ್ಲಿ ಜಾರಿದರೂ ಕಿವಿಗೆ ಅಷ್ಟೇನೂ ಚುಚ್ಚುವುದಿಲ್ಲ.

ನಡೆ ಅಂದೆನಲ್ಲ, ಅದಕ್ಕೆ ದೊಡ್ಡ ಸಾಕ್ಷಿ 'ಟೋಕಿಯೊ ಬೂಗಿ-ವೂಗಿ'. ಹತ್ತೋರಿ ರ್ಯೋಇಚಿ 1947ರಲ್ಲಿ ಟೋಕಿಯೊದ ಚೂಓ ಲೈನಿನ ರೈಲಿನಲ್ಲಿ ಮನೆಗೆ ಹೋಗುತ್ತಿದ್ದರಂತೆ. ಗಾಲಿಯ ಸದ್ದು, ಅದಕ್ಕೆ ಸರಿಯಾಗಿ ತೂಗಾಡುವ ಕೈಹಿಡಿ ಪಟ್ಟಿಗಳು. ಅದರಲ್ಲೇ ತಾಳ ಹೊಳೆಯಿತು. ನಿಶಿ-ಓಗಿಕುಬೊ ಸ್ಟೇಷನ್ನಿನಲ್ಲಿ ಇಳಿದವರೇ ಹತ್ತಿರದ ಕಾಫಿ ಅಂಗಡಿಗೆ ನುಗ್ಗಿ ಪೇಪರ್ ನ್ಯಾಪ್ಕಿನ್ ಮೇಲೆ ಸ್ವರ ಬರೆದುಕೊಂಡರು ಅನ್ನುವ ಕಥೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಹಾಡಿದ ಕಸಾಗಿ ಶಿಜುಕೊ ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕುಣಿಯುತ್ತಾ ಓಡಾಡಿ ಹಾಡುತ್ತಿದ್ದರು. ಅದಕ್ಕೆ ಮುಂಚೆ ಮೈಕಿನ ಮುಂದೆ ನೆಟ್ಟಗೆ ನಿಂತು ಹಾಡುವುದೇ ರೂಢಿ. 2023ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆ ಇವರ ಬದುಕನ್ನು ಆಧರಿಸಿ ಬೆಳಗಿನ ಧಾರಾವಾಹಿ ಮಾಡಿತು, ಹೀಗಾಗಿ ಕೇಂದ್ರದ ಇಪ್ಪತ್ತರ ಹುಡುಗಿಯರಿಗೂ ಈಗ ಹಾಡು ಬಾಯಿಪಾಠ. ಅಜ್ಜಿಗೂ ಹುಡುಗಿಗೂ ಇಬ್ಬರಿಗೂ ಗೊತ್ತಿರುವ ಹಾಡು ಸಿಗುವುದು ಕಷ್ಟ. ಸಿಕ್ಕಾಗ ಬಿಡಬಾರದು.

ಇನ್ನು ಮೈ ಅಲ್ಲಾಡಿಸುವ ಹಾಡುಗಳಿಗೆ ರಾಜ ಅಂದರೆ 'ತಾಂಕೊ ಬುಶಿ'. ಇದು ಫುಕುಓಕಾ ಕಡೆಯ ತಗಾವಾ ಊರಿನ ಕಲ್ಲಿದ್ದಲು ಗಣಿಯವರ ಹಾಡು. ಚಂದ್ರ ಬಂದ, ಗಣಿಯ ಮೇಲೆ ಬಂದ, ಚಿಮಣಿ ಇಷ್ಟು ಎತ್ತರ ಇದೆಯಲ್ಲ, ಚಂದ್ರನಿಗೆ ಹೊಗೆ ಕುಡಿದು ಸಾಕಾಗಿರಬೇಕು ಅಂತ ತಮಾಷೆ. 45 ಮೀಟರಿನ ಎರಡು ಚಿಮಣಿಗಳು ತಗಾವಾದಲ್ಲಿ ಈಗಲೂ ನಿಂತಿವೆ. ಗಣಿಗಳು ಮುಚ್ಚಿದವು, ಹಾಡಿನಲ್ಲಿ ಹೆಸರು ಬರುವ ಮೀಕೆ ಗಣಿ ಕೂಡ 1997ರಲ್ಲಿ ಮುಚ್ಚಿತು. ಕುಣಿತ ಮಾತ್ರ ದೇಶದ ತುಂಬ ಹಬ್ಬಿದೆ. ಬೇಸಿಗೆಯಲ್ಲಿ ಪಿತೃಗಳ ಹಬ್ಬದ ಹೊತ್ತಿಗೆ ಊರ ಮೈದಾನದಲ್ಲಿ ವೃತ್ತವಾಗಿ ಕುಣಿಯುವ 'ಬೋನ್ ಓದೊರಿ'ಯಲ್ಲಿ ಇದು ಇಲ್ಲದೆ ನಡೆಯುವುದಿಲ್ಲ. ಹೀಗಾಗಿ ಚಿಕ್ಕಂದಿನಿಂದ ಪ್ರತಿ ವರ್ಷ ಕುಣಿದವರ ಕೈಗೆ ಅದು ಗೊತ್ತು, ತಲೆ ಮರೆತರೂ.

ಕುರ್ಚಿಯಲ್ಲಿ ಕೂತೇ ಇದನ್ನು ಹೇಗೆ ಮಾಡುತ್ತಾರೆ ನೋಡಿ. ಎರಡೂ ಕೈಯಲ್ಲಿ ಸನಿಕೆ ಹಿಡಿದ ಹಾಗೆ ಬಲಗಡೆ ಎರಡು ಸಲ ಅಗೆಯಬೇಕು, ಎಡಗಡೆ ಎರಡು ಸಲ. ಆಮೇಲೆ ಅಗೆದದ್ದನ್ನು ಒಂದು ಹೆಗಲಿನ ಮೇಲಿಂದ ಹಿಂದಕ್ಕೆ ಎಸೆದು ಇನ್ನೊಂದು ಹೆಗಲಿನ ಮೇಲಿಂದಲೂ ಎಸೆಯಬೇಕು. ಒಂದು ಕೈ ಹಣೆಗೆ ಅಡ್ಡ ಹಿಡಿದು ಚಂದ್ರನನ್ನು ನೋಡಬೇಕು, ಕೈ ಬದಲಿಸಿ ಆ ಕಡೆಯೂ ನೋಡಬೇಕು. ಗಾಡಿ ತಳ್ಳಬೇಕು, ಮತ್ತೆ ತಳ್ಳಬೇಕು. ಕೈ ಅಗಲಿಸಿ ಚಪ್ಪಾಳೆ. ಇದನ್ನೇ ಫಿಸಿಯೋಥೆರಪಿಯವರು ಬಂದು 'ಸೊಂಟ ಎಡಕ್ಕೆ ತಿರುಗಿಸಿ, ಭುಜ ಮೇಲೆತ್ತಿ, ಮೊಣಕೈ ಚಾಚಿ' ಅಂದಿದ್ದರೆ ಅರ್ಧ ಜನ ಕಣ್ಣು ಮುಚ್ಚಿ ಕೂರುತ್ತಿದ್ದರು. ಇಲ್ಲಿ ಕಲ್ಲಿದ್ದಲು ಅಗೆಯುತ್ತಿದ್ದೇವೆ, ಅದಕ್ಕೇ ಯಾರಿಗೂ ವ್ಯಾಯಾಮ ಅನಿಸುವುದಿಲ್ಲ. ಲಕ್ವಾ ಹೊಡೆದು ಒಂದು ಕೈ ಬರದವರು ಒಂದೇ ಕೈಯಲ್ಲಿ ಅಗೆಯುತ್ತಾರೆ. ಇದರಲ್ಲಿ ತಪ್ಪು ಮಾಡಿದರೂ ಪಕ್ಕದವರಿಗೆ ಗುದ್ದುವುದಕ್ಕಿಂತ ಹೆಚ್ಚಿನ ಅನಾಹುತ ಆಗುವುದಿಲ್ಲ.

ಕಾಲಿಗೆ ಬೇಕಾದರೆ 1968ರ '365 ಹೆಜ್ಜೆಯ ಮಾರ್ಚ್' ಇದೆ, ಸುಯಿಝೆಂಜಿ ಕಿಯೊಕೊ ಹಾಡಿದ್ದು. ದಿನಕ್ಕೊಂದು ಹೆಜ್ಜೆ, ಮೂರು ಮುಂದೆ ಎರಡು ಹಿಂದೆ ಅಂತ ಹೇಳುವ ಹಾಡು. ಕೂತಲ್ಲೇ ಕಾಲು ಎತ್ತಿ ಇಡಲು ಇದಕ್ಕಿಂತ ಸರಿಯಾದ ತಾಳ ಸಿಗುವುದಿಲ್ಲ.

ಕೈ ತಟ್ಟುವುದಕ್ಕೆ ಇರುವ ಹಾಡಿನ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. 'ಖುಷಿಯಾಗಿದ್ದರೆ ಕೈ ತಟ್ಟೋಣ' ಅಂತ ಜಪಾನಿನಲ್ಲಿ 1964ರಲ್ಲಿ, ಟೋಕಿಯೊ ಒಲಿಂಪಿಕ್ಸ್ ವರ್ಷ, ಸಕಾಮೊತೊ ಕ್ಯೂ ಹಾಡಿದ್ದು ಮನೆಮಾತಾಯಿತು. ನಮ್ಮಲ್ಲಿ ನರ್ಸರಿ ಮಕ್ಕಳು ಇಂಗ್ಲಿಷಿನಲ್ಲಿ ಹಾಡುವ 'ಇಫ್ ಯು ಆರ್ ಹ್ಯಾಪಿ' ಇದೆಯಲ್ಲ, ಅದೇ ಧಾಟಿ. ಜಪಾನಿ ಮಾತುಗಳನ್ನು ಬರೆದವರು ಕಿಮುರಾ ರಿಹಿತೊ. 1959ರಲ್ಲಿ ಅವರು ವಾಸೆದಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದ ಕಡೆಯಿಂದ ಶ್ರಮದಾನಕ್ಕೆ ಅಂತ ಫಿಲಿಪ್ಪೀನ್ಸ್‌ಗೆ ಹೋಗಿದ್ದರು. ಯುದ್ಧ ಮುಗಿದು ಹದಿನಾಲ್ಕೇ ವರ್ಷ. ಜಪಾನಿ ಸೈನ್ಯದ ಕೈಯಲ್ಲಿ ಮನೆಯವರನ್ನು ಕಳೆದುಕೊಂಡವರು ಊರಿನಲ್ಲಿ ಇದ್ದರು, ಜಪಾನಿ ಹುಡುಗನನ್ನು ನೋಡಿದರೆ ಅವರ ಮುಖ ಹೇಗಾಗಿರಬೇಕು ಯೋಚಿಸಿ. ಆದರೂ ಜೊತೆಯಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಅವರು ಹತ್ತಿರವಾದರು. ಅಲ್ಲಿನ ಮಕ್ಕಳು ಹಾಡುತ್ತಿದ್ದ ಧಾಟಿಗೆ ವಾಪಸ್ ಬರುವಾಗ ಕಿಮುರಾ ಜಪಾನಿಯಲ್ಲಿ ಮಾತು ಹಾಕಿದರು. ಕೈ ತಟ್ಟಿ ತೋರಿಸೋಣ ಅನ್ನುವ ಮಾತು ಅಲ್ಲಿಂದ ಬಂದದ್ದು.

ಇಷ್ಟು ಕಥೆ ಇರುವ ಹಾಡು ಅಂತ ಗೊತ್ತಿಲ್ಲದೆ ಇದನ್ನು ಬರೀ ಮಕ್ಕಳ ಹಾಡು ಮಾಡಿ, ಮಕ್ಕಳ ದನಿಯಲ್ಲಿ 'ಎಲ್ಲರೂ ಚಪ್ಪಾಳೆ ತಟ್ಟಿ ನೋಡೋಣಾ' ಅಂತ ಹಾಡಿಸಿದರೆ ಹಿರಿಯರಿಗೆ ಕಿರಿಕಿರಿ ಆಗುತ್ತದೆ. ಜಪಾನಿನ ಆರೈಕೆ ಕೇಂದ್ರಗಳ ಮೇಲೆ ಇರುವ ಹಳೆಯ ದೂರೇ ಇದು: ನಮ್ಮನ್ನು ಮಕ್ಕಳ ಥರ ನೋಡುತ್ತಾರೆ. ಒಬ್ಬರು ನಲವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು, ಇನ್ನೊಬ್ಬರು ಮೀನಿನ ಅಂಗಡಿ ನಡೆಸಿದವರು. ಅವರ ಮುಂದೆ ನರ್ಸರಿ ಟೀಚರ್ ಆಗಬಾರದು. ಹಾಡು ಅದೇ ಇರಲಿ, ಕಥೆ ಹೇಳಿ, 1964ರಲ್ಲಿ ನೀವು ಎಲ್ಲಿದ್ದಿರಿ ಅಂತ ಕೇಳಿ, ಆಮೇಲೆ ಹಾಡಿಸಿ. ಒಲಿಂಪಿಕ್ಸ್ ಜ್ಯೋತಿ ನೋಡಲು ರಸ್ತೆ ಬದಿ ನಿಂತವರು ಒಬ್ಬರಾದರೂ ಸಿಗುತ್ತಾರೆ.

ಕೇಳುವ ಪ್ರಶ್ನೆಯಲ್ಲೂ ಸೂಕ್ಷ್ಮ ಬೇಕು. 1963ರಲ್ಲಿ ಫುನಾಕಿ ಕಾಜುವೊ ಹಾಡಿದ 'ಕೋಕೋ ಸನ್‌ನೆನ್‌ಸೇ' ಹೈಸ್ಕೂಲಿನ ಕೊನೆಯ ವರ್ಷದ ಮೇಲಿನ ಹಾಡು, ಇವತ್ತಿಗೂ ಎಲ್ಲರ ಬಾಯಲ್ಲೂ ಇದೆ. ಇದಾದ ಮೇಲೆ 'ನಿಮ್ಮ ಹೈಸ್ಕೂಲ್ ಹೇಗಿತ್ತು?' ಅಂತ ಕೇಳುವುದು ಸಹಜ. ಆದರೆ 1960ರಲ್ಲಿ ಜಪಾನಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದವರು ನೂರಕ್ಕೆ ಅರವತ್ತೂ ಇರಲಿಲ್ಲ. ಉಳಿದವರು ಹದಿನೈದಕ್ಕೇ ಕೆಲಸಕ್ಕೆ ನಿಂತರು. ಉತ್ತರದ ಹಳ್ಳಿಗಳಿಂದ ಅಂಥ ಮಕ್ಕಳನ್ನು ತುಂಬಿಕೊಂಡು ಟೋಕಿಯೊಗೆ ವಿಶೇಷ ರೈಲುಗಳೇ ಬರುತ್ತಿದ್ದವು, ಇಳಿಯುತ್ತಿದ್ದದ್ದು ಉಎನೊ ಸ್ಟೇಷನ್ನಿನಲ್ಲಿ. ಕಾರ್ಖಾನೆಯವರೂ ಅಂಗಡಿಯವರೂ ಅವರನ್ನು ಚಿನ್ನದ ಮೊಟ್ಟೆ ಅನ್ನುತ್ತಿದ್ದರು. 1964ರಲ್ಲಿ ಇಜಾವಾ ಹಾಚಿರೋ ಇವರಿಗೆ ಅಂತಲೇ 'ಆ ಉಎನೊ ಎಕಿ' ಹಾಡಿದರು, ಆ ಸ್ಟೇಷನ್ ಹತ್ತಿರ ಹಾಡಿನ ಸ್ಮಾರಕ ಕೂಡ ಇದೆ. ಅಂಥವರೊಬ್ಬರು ಗುಂಪಿನಲ್ಲಿ ಕೂತಿದ್ದು ಹೈಸ್ಕೂಲಿನ ಪ್ರಶ್ನೆ ಬಂದರೆ ಅವರ ಬಾಯಿ ಅಲ್ಲಿಗೆ ಕಟ್ಟಿತು. 'ಹದಿನೆಂಟರಲ್ಲಿ ಏನು ಮಾಡುತ್ತಿದ್ದಿರಿ?' ಅಂತ ಕೇಳಿದರೆ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ.

ಯುದ್ಧ ಕಾಲದ ಸೈನಿಕ ಗೀತೆಗಳದ್ದು ಇನ್ನೂ ಕಷ್ಟ. ತೊಂಬತ್ತು ದಾಟಿದ ಕೆಲವರಿಗೆ ಬಾಲ್ಯದಲ್ಲಿ ಕಲಿತದ್ದು ಅವೇ. ಹಾಡಿದರೆ ಹುರುಪು ಬರುತ್ತದೆ, ಪಕ್ಕದಲ್ಲೇ ಅಣ್ಣನನ್ನು ಯುದ್ಧದಲ್ಲಿ ಕಳೆದುಕೊಂಡವರು ಕೂತಿರುತ್ತಾರೆ. ಒಬ್ಬರೇ ಇದ್ದಾಗ ಹಾಡಿಕೊಂಡರೆ ತಡೆಯಬೇಕಿಲ್ಲ, ಗುಂಪಿನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. 1914ರ ಶಾಲಾ ಹಾಡು 'ಫುರುಸಾತೊ' ಮೂರೂ ತಲೆಮಾರಿಗೆ ಗೊತ್ತು, ಆದರೆ ಮೊಲ ಅಟ್ಟಿದ ಬೆಟ್ಟ, ಮೀನು ಹಿಡಿದ ಹೊಳೆ ಅಂತ ಶುರುವಾದ ಕೂಡಲೇ ಕಣ್ಣೀರು ಗ್ಯಾರಂಟಿ. ಅತ್ತರೆ ತಪ್ಪೇನಿಲ್ಲ. ಅದನ್ನು ಕೊನೆಗೆ ಇಟ್ಟು ಹಾಗೇ ವ್ಯಾನ್ ಹತ್ತಿಸಿ ಕಳಿಸುವುದು ಮಾತ್ರ ತಪ್ಪು. ಮಧ್ಯದಲ್ಲಿ ಹಾಡಿಸಿ, ಆಮೇಲೆ ಕಲ್ಲಿದ್ದಲು ಅಗೆಸಿ.

ಊಟಕ್ಕೆ ಮುಂಚೆ ಹಾಡಿಸುವುದಕ್ಕೂ ಒಂದು ಕಾರಣ ಇದೆ. ವಯಸ್ಸಾದಂತೆ ನುಂಗುವ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ, ಅನ್ನವೋ ನೀರೋ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಜಪಾನಿನಲ್ಲಿ ಹಿರಿಯರ ಸಾವಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅದಕ್ಕೆ 'ಪ ತ ಕ ರ' ಅನ್ನುವ ಬಾಯಿಯ ವ್ಯಾಯಾಮ ಮಾಡಿಸುತ್ತಾರೆ. ಪ ಅಂದರೆ ತುಟಿ ಗಟ್ಟಿಯಾಗಿ ಮುಚ್ಚಬೇಕು, ತ ಅಂದರೆ ನಾಲಿಗೆ ತುದಿ ಮೇಲೆ ತಾಗಬೇಕು, ಕ ಅಂದರೆ ನಾಲಿಗೆಯ ಹಿಂಭಾಗ ಏಳಬೇಕು, ರ ಅಂದರೆ ನಾಲಿಗೆ ಮಡಚಬೇಕು. ವರ್ಣಮಾಲೆ ಕಲಿತ ನಮಗೆ ಇದು ಹೊಸದಲ್ಲ. ಜಪಾನಿ ಅಕ್ಷರಗಳ ಕ್ರಮವೇ ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತ ಅಕ್ಷರಮಾಲೆಯಿಂದ ಬಂದದ್ದು. ಗೊತ್ತಿರುವ ಹಾಡನ್ನು ತಗೊಂಡು, ಮಾತಿನ ಬದಲು ಪೂರ್ತಿ 'ಪ ಪ ಪ' ಅಂತ ಹಾಡಿಸುತ್ತಾರೆ, ಇನ್ನೊಮ್ಮೆ 'ತ ತ ತ'. ಎರಡು ಸಾಲು ಆಗುವಷ್ಟರಲ್ಲಿ ಯಾರೋ ನಗುತ್ತಾರೆ, ನಗುವೂ ಒಂದು ವ್ಯಾಯಾಮವೇ.

ಹಾಡಿಸುವವರು ಮಾಡುವ ಸಾಮಾನ್ಯ ತಪ್ಪು ಒಂದಿದೆ. ಯೂಟ್ಯೂಬಿನಲ್ಲಿ ಮೂಲ ಹಾಡು ಹಾಕಿ ಅದರ ಜೊತೆ ಹಾಡಿ ಅನ್ನುವುದು. ಮೂಲ ಹಾಡಿದವರಲ್ಲಿ ಹೆಚ್ಚಿನವರು ಆಗ ಇಪ್ಪತ್ತರ ಆಸುಪಾಸಿನವರು. ಎಂಬತ್ತರ ಹೆಂಗಸರ ದನಿ ಎಷ್ಟೋ ಕೆಳಗೆ ಇಳಿದಿರುತ್ತದೆ, ಆ ಶ್ರುತಿ ಮುಟ್ಟುವುದಿಲ್ಲ, ಹಾಡಲು ಆಗುತ್ತಿಲ್ಲ ಅಂತ ಸುಮ್ಮನಾಗುತ್ತಾರೆ. ಕರೋಕೆ ಯಂತ್ರದಲ್ಲಿ ಶ್ರುತಿ ಎರಡು ಮೂರು ಮನೆ ಇಳಿಸಿದರೆ ಅದೇ ಅಜ್ಜಿ ಜೋರಾಗಿ ಹಾಡುತ್ತಾರೆ. ವೇಗ ಸ್ವಲ್ಪ ಕಮ್ಮಿ ಮಾಡಬೇಕು, ಆದರೆ ತೀರಾ ಅಲ್ಲ. ನಿಧಾನ ಜಾಸ್ತಿ ಆದರೆ ಉಸಿರು ಸಾಲದೆ ಸಾಲು ಮಧ್ಯದಲ್ಲಿ ತುಂಡಾಗುತ್ತದೆ, ಹಾಡಿನ ಹುರುಪೂ ಹೋಗುತ್ತದೆ.

ಸಾಹಿತ್ಯದ ಹಾಳೆ ಕೈಗೆ ಕೊಟ್ಟರೆ ಎಲ್ಲರ ತಲೆ ಕೆಳಗೆ, ದನಿಯೂ ಎದೆಯಲ್ಲೇ. ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಾಕಿದರೆ ಮುಖ ಮೇಲೇಳುತ್ತದೆ. ಅದಕ್ಕಿಂತ ಒಳ್ಳೆಯದು ಮುಂದಿನ ಸಾಲನ್ನು ಒಂದು ಉಸಿರು ಮುಂಚೆ ಬೇಗ ಹೇಳಿಬಿಡುವುದು. ಕಣ್ಣು ಕಾಣದವರಿಗೂ ಓದಲು ಆಗದವರಿಗೂ ಅದು ಸಿಗುತ್ತದೆ. ಈ ವಿದ್ಯೆ ಆ ತಲೆಮಾರಿಗೆ ಗೊತ್ತಿರುವುದೇ. 1950ರ ದಶಕದಲ್ಲಿ ಟೋಕಿಯೊದ ಶಿಂಜುಕು ಮುಂತಾದ ಕಡೆ ಸೇರಿ ಹಾಡುವ ಕಾಫಿ ಅಂಗಡಿಗಳು ಶುರುವಾದವು, 'ಉತಾಗೊಎ ಕಿಸ್ಸಾ' ಅಂತ. ಒಂದು ಕಾಫಿಯ ದುಡ್ಡಿಗೆ ಒಳಗೆ ಹೋದರೆ ಅಕಾರ್ಡಿಯನ್ ನುಡಿಸುತ್ತಾ ಒಬ್ಬರು ಹಾಡು ಹೇಳಿಕೊಡುತ್ತಿದ್ದರು, ಗುರುತು ಪರಿಚಯ ಇಲ್ಲದ ವಿದ್ಯಾರ್ಥಿಗಳು, ಕಾರ್ಖಾನೆಯವರು ಎಲ್ಲ ಒಟ್ಟಿಗೆ ರಷ್ಯನ್ ಜನಪದ ಗೀತೆಗಳಿಂದ ಹಿಡಿದು ಕಾರ್ಮಿಕರ ಹಾಡಿನವರೆಗೂ ಹಾಡುತ್ತಿದ್ದರು. 1970ರ ದಶಕದ ಆಚೆ ಕರೋಕೆ ಬಂದು ಹಾಡುವುದು ಅಂದರೆ ಒಬ್ಬರು ಹಾಡಿ ಉಳಿದವರು ಚಪ್ಪಾಳೆ ತಟ್ಟುವುದು ಅಂತಾಯಿತು. ಡೇ ಸರ್ವಿಸ್‌ನಲ್ಲಿ ಬರೀ ಕರೋಕೆ ಇಟ್ಟರೆ ಇಬ್ಬರು ಮೂವರು ಮೈಕ್ ಬಿಡುವುದಿಲ್ಲ, ಉಳಿದವರು ನಿದ್ದೆ ಮಾಡುತ್ತಾರೆ.

ಹಾಡಿನಿಂದ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಮೆನ್ಶಿಯಾ ಇರುವವರಿಗೆ ಮನಸ್ಸು ತಿಳಿಯಾಗುತ್ತದೆ, ಚಡಪಡಿಕೆ ಸ್ವಲ್ಪ ಹೊತ್ತು ಕಮ್ಮಿಯಾಗುತ್ತದೆ, ಅಷ್ಟು ನಿಜ. ಅಲ್ಝೈಮರ್ಸ್‌ನಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯ ಹಾಡುಗಳು ತುಂಬ ದಿನ ಉಳಿಯುತ್ತವೆ. ಬೆಳಿಗ್ಗೆ ತಿಂದದ್ದು ನೆನಪಿಲ್ಲದವರು ಮೂರು ಚರಣ ತಪ್ಪಿಲ್ಲದೆ ಹಾಡುವುದು ಅದಕ್ಕೇ. ಹಾಡು ಮುಗಿದ ಮೇಲೆ 'ತಿಂಡಿ ಆಯಿತಾ?' ಅಂತ ಮತ್ತೆ ಕೇಳುತ್ತಾರೆ. ಅದೂ ಇರುವುದೇ.

ಪಟ್ಟಿ ಈಗ ಮತ್ತೆ ಬದಲಾಗುತ್ತಿದೆ. ಯುದ್ಧದ ನಂತರ, 1947ರಿಂದ 1949ರ ಒಳಗೆ ಹುಟ್ಟಿದ ದೊಡ್ಡ ತಲೆಮಾರು 2025ಕ್ಕೆ ಪೂರ್ತಿ 75 ದಾಟಿದೆ. ಇವರಿಗೆ ಸೇಬಿನ ಹಾಡಿಗಿಂತ ಎಲೆಕ್ಟ್ರಿಕ್ ಗಿಟಾರ್ ಹತ್ತಿರ. 1967ರ ಸುಮಾರಿಗೆ ಉದ್ದ ಕೂದಲು ಬಿಟ್ಟು ಹಾಡಿದ ದಿ ಟೈಗರ್ಸ್, ದಿ ಸ್ಪೈಡರ್ಸ್ ಥರದ ಬ್ಯಾಂಡ್‌ಗಳಿಗೆ ಕಿರುಚಿದ ಹುಡುಗಿಯರು ಈಗ ಡೇ ಸರ್ವಿಸ್ ವ್ಯಾನ್ ಹತ್ತುತ್ತಿದ್ದಾರೆ. ಅವರ ಮುಂದೆ 1914ರ ಶಾಲಾ ಹಾಡನ್ನಷ್ಟೇ ಇಟ್ಟರೆ ನಾವೇನು ಅಷ್ಟು ಮುದುಕರಾ ಅಂತ ಕೇಳಿಯೇ ಕೇಳುತ್ತಾರೆ. ಅವರ ಹಿಂದೆ ಬರುವವರು 1977ರಲ್ಲಿ ಪಿಂಕ್ ಲೇಡಿ ಜೋಡಿಯ 'ಯುಎಫ್‌ಓ' ಹಾಡಿಗೆ ಶಾಲೆಯ ಅಂಗಳದಲ್ಲಿ ಕುಣಿದವರು. ತಲೆಯ ಹಿಂದಿನಿಂದ ಕೈ ಮೇಲೆತ್ತುವ ಅದರ ಮೊದಲ ಹೆಜ್ಜೆ ಕುರ್ಚಿಯಲ್ಲಿ ಕೂತೇ ಮಾಡಬಹುದು, ಭುಜಕ್ಕೂ ಒಳ್ಳೆಯದು.